ಹಲ್ಲಿಗೊಂದು ಪಿಂಗಾಣಿ ಕವಚ: ತೊಡಿಸುವ ಮುನ್ನ, ತೊಡಿಸಿದ ಬಳಿಕ

ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಕಾಯಕ ಮಾಡಲು ಕಾಯ ಬೇಕು, ಪ್ರಸಾದ ಸ್ವೀಕರಿಸಲು ಬಾಯಿ ಬೇಕು ಎಂಬುದನ್ನು ಅರಿತು ಈ ಶರೀರವನ್ನೇ ದೇವಾಲಯದಂತೆ ಕಂಡವರು ಅವರು. ಆದರೆ ಆ ದೇವಾಲಯದ ಹೆಬ್ಬಾಗಿಲಿನಂತಿರುವ ಬಾಯಿಯ ವಿಷಯದಲ್ಲಿ ನಾವು ತೋರುವ ಅಲಕ್ಷ್ಯ ಅಷ್ಟಿಷ್ಟಲ್ಲ. ನೋವು ಬಂದಾಗ ಮಾತ್ರ ಹಲ್ಲು ನೆನಪಾಗುತ್ತದೆ. ನೋವು ಹೋದೊಡನೆ ಮರೆತುಹೋಗುತ್ತದೆ.

ಹೀಗೆ ಮರೆತುದರಿಂದ ಆದ ಹಾನಿಯ ಪ್ರಸಂಗವೊಂದನ್ನು ಮೊದಲು ಹೇಳಬೇಕು. ನಿವೃತ್ತ ಶಿಕ್ಷಕರೊಬ್ಬರು ಕೆಳದವಡೆಯ ಹಲ್ಲುನೋವಿಗೆ ನಮ್ಮಲ್ಲಿ ರೂಟ್ ಕೆನಾಲ್ ಚಿಕಿತ್ಸೆ ಮಾಡಿಸಿಕೊಂಡರು. ಎರಡು ವಾರದೊಳಗೆ ಬಂದು ಕ್ಯಾಪ್ ಹಾಕಿಸಿಕೊಳ್ಳಬೇಕೆಂದು ತಿಳಿಸಿ ಕಳುಹಿಸಿದ್ದೆವು. ನೋವು ನಿಂತಿತ್ತು. ಸುಗ್ಗಿ ಬಂದಿತು, ಮಗಳ ಮದುವೆ ಬಂದಿತು, ವರ್ಷವೊಂದು ಕಳೆಯಿತು. ಒಂದು ಸಂಜೆ ಹುರಿದ ಕಡಲೆ ಜಗಿಯುವಾಗ ಬಾಯಿಯಲ್ಲಿ ಟಕ್ಕೆಂಬ ಸದ್ದಾಯಿತು. ಮರುದಿನ ಬಂದಾಗ ನೋಡಿದರೆ ಹಲ್ಲು ಬೇರಿನವರೆಗೂ ಸೀಳಿಹೋಗಿತ್ತು. ಕೀಳದೆ ಬೇರೆ ದಾರಿಯಿರಲಿಲ್ಲ. "ನೋವೇ ಇರಲಿಲ್ಲವಲ್ಲ ಡಾಕ್ಟರೇ, ಅದಕ್ಕೇ ಬರಲಿಲ್ಲ" ಎಂದು ಅವರು ನೊಂದು ನುಡಿದರು. ಚಿಕಿತ್ಸೆಯ ಹಣವೂ ಹೋಯಿತು, ಹಲ್ಲೂ ಹೋಯಿತು.

ಇಂತಹ ಮಾತನ್ನು ನಮ್ಮ ವೃತ್ತಿಯವರು ಮತ್ತೆ ಮತ್ತೆ ಕೇಳುತ್ತಿರುತ್ತೇವೆ. ಆದ್ದರಿಂದ ಹಲ್ಲಿಗೆ ತೊಡಿಸುವ ಪಿಂಗಾಣಿ ಕವಚ ಯಾರಿಗೆ ಬೇಕು, ಯಾರಿಗೆ ಬೇಡ, ಹಾಕಿಸಿಕೊಂಡ ಮೇಲೆ ಅದನ್ನು ಕಾಪಾಡಿಕೊಳ್ಳುವ ಬಗೆ ಹೇಗೆ ಎಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಕವಚವೆಂದರೇನು?

ವಸಡಿನಿಂದ ಮೇಲಕ್ಕೆ ಕಾಣುವ ಹಲ್ಲಿನ ಭಾಗವನ್ನು ವೈದ್ಯಶಾಸ್ತ್ರವು ಕಿರೀಟವೆಂದು ಕರೆಯುತ್ತದೆ. ಅದರ ಹೊರಪದರ ಎನಾಮೆಲ್. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಅದರ ಒಳಗೆ ಡೆಂಟೀನ್ ಎಂಬ ಪದರ, ಅದರೊಳಗೆ ರಕ್ತನಾಳ ಮತ್ತು ನರಗಳಿಂದ ಕೂಡಿದ ತಿರುಳು. ಮುರಿದ ಮೂಳೆ ಕೂಡುತ್ತದೆ, ಹರಿದ ಚರ್ಮ ಮಾಯುತ್ತದೆ; ಆದರೆ ಒಮ್ಮೆ ಸವೆದ ಅಥವಾ ಹುಳುಕು ತಿಂದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಹೀಗೆ ಬಹುಪಾಲು ಶಿಥಿಲವಾದ ಹಲ್ಲಿನ ಮೇಲೆ, ಅದೇ ಆಕಾರದಲ್ಲಿ ಮಾಡಿ ಅಂಟಿಸುವ ಹೊದಿಕೆಯೇ ಕೃತಕ ಕಿರೀಟ. ಜನರ ಬಾಯಲ್ಲಿ ಅದು ಕ್ಯಾಪ್.

ಪಿಂಗಾಣಿಯನ್ನು ಈ ಕೆಲಸಕ್ಕೆ ಬಳಸತೊಡಗಿ ಒಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಅಮೆರಿಕದ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ ಎಂಬವರು ೧೮೮೯ರಲ್ಲಿ ಪಿಂಗಾಣಿ ಕವಚಕ್ಕೆ ಪೇಟೆಂಟ್ ಪಡೆದರು. ಬಣ್ಣದಲ್ಲಿ ಅದು ನಿಜವಾದ ಹಲ್ಲನ್ನೇ ಹೋಲುತ್ತಿತ್ತು. ಆದರೆ ಜಗಿಯುವ ಒತ್ತಡಕ್ಕೆ ಸುಲಭವಾಗಿ ಒಡೆಯುತ್ತಿತ್ತು. ಲೋಹದ ತೆಳುವಾದ ಟೊಪ್ಪಿಗೆಯ ಮೇಲೆ ಪಿಂಗಾಣಿಯನ್ನು ಬೇಯಿಸಿ ಕೂಡಿಸುವ ವಿಧಾನವು ೧೯೬೦ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ದವಡೆ ಹಲ್ಲಿಗೂ ಪಿಂಗಾಣಿ ಒದಗುವಂತಾಯಿತು.

ಇಂದು ಮುಖ್ಯವಾಗಿ ಮೂರು ಬಗೆಯ ಕವಚಗಳು ಬಳಕೆಯಲ್ಲಿವೆ. ಮೊದಲನೆಯದು ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವುದು. ಇದು ಗಟ್ಟಿ, ಬೆಲೆಯೂ ಮಿತ. ಆದರೆ ವರ್ಷಗಳು ಕಳೆದಂತೆ ವಸಡು ಸ್ವಲ್ಪ ಕೆಳಗಿಳಿದರೆ ಅಂಚಿನಲ್ಲಿ ಲೋಹದ ಕಪ್ಪು ಗೆರೆ ಕಾಣಬಹುದು. ಹೊರಗಿನ ಪಿಂಗಾಣಿ ಕೆಲವೊಮ್ಮೆ ಚಕ್ಕೆ ಏಳಬಹುದು. ನಿಕ್ಕಲ್ ಲೋಹ ಒಗ್ಗದವರು, ಎಂದರೆ ಅಗ್ಗದ ಓಲೆ ಅಥವಾ ಕೈಗಡಿಯಾರದ ಪಟ್ಟಿಯಿಂದ ತುರಿಕೆಯಾಗುವವರು, ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಎರಡನೆಯದು ಲೋಹವಿಲ್ಲದ, ಗಾಜಿನ ಗುಣವುಳ್ಳ ಪಿಂಗಾಣಿ. ಬೆಳಕು ಅದರೊಳಗೆ ಹಾಯುವುದರಿಂದ ಮುಂಭಾಗದ ಹಲ್ಲುಗಳಿಗೆ ಬಹಳ ಸಹಜವಾಗಿ ಹೊಂದುತ್ತದೆ. ಮೂರನೆಯದು ಜಿರ್ಕೋನಿಯಾ. ಇದೂ ಪಿಂಗಾಣಿಯ ವರ್ಗಕ್ಕೇ ಸೇರಿದ್ದು, ಆದರೆ ಬಹಳ ಬಲಿಷ್ಠವಾದುದು; ದವಡೆ ಹಲ್ಲಿಗೆ ಈಗ ಹೆಚ್ಚಾಗಿ ಇದನ್ನೇ ಹಾಕಲಾಗುತ್ತಿದೆ. ದುಬಾರಿಯಾದುದೇ ಎಲ್ಲರಿಗೂ ಉತ್ತಮವೆಂದಲ್ಲ. ಯಾವ ಹಲ್ಲು, ಎಷ್ಟು ಒತ್ತಡ, ಎಷ್ಟು ಹಲ್ಲು ಉಳಿದಿದೆ, ಎಷ್ಟು ಹಣವಿದೆ ಎಂಬ ನಾಲ್ಕನ್ನೂ ನೋಡಿ ಆರಿಸಬೇಕು.

ಯಾರಿಗೆ ಬೇಕು, ಯಾರಿಗೆ ಬೇಡ

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕವಚ ಬೇಕು. ಇದಕ್ಕೆ ಕಾರಣವಿದೆ. ಹುಳುಕು ಹಲ್ಲಿನ ಒಳಭಾಗವನ್ನು ತಿಂದಿರುತ್ತದೆ. ತಿರುಳನ್ನು ತಲುಪಲು ವೈದ್ಯರು ಹಲ್ಲಿನ ಮೇಲ್ಭಾಗವನ್ನು ಕೊರೆದಿರುತ್ತಾರೆ. ಹೀಗೆ ಸುತ್ತಲಿನ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಮಾಡೇ ಹೋಗಿರುತ್ತದೆ. ತೊಲೆ ತೆಗೆದ ಮನೆಯ ಗೋಡೆಗಳಂತೆ ಅವು ನಿಂತಿರುತ್ತವೆ. ಒಳಗೆ ತುಂಬಿದ ಫಿಲ್ಲಿಂಗ್ ಖಾಲಿ ಜಾಗವನ್ನು ಮುಚ್ಚುತ್ತದೆಯೇ ಹೊರತು ಆ ಗೋಡೆಗಳನ್ನು ಹೊರಗಿನಿಂದ ಬಿಗಿದು ಹಿಡಿಯಲಾರದು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೇಗೋ ಹಲ್ಲಿಗೆ ಕವಚ ಹಾಗೆ. ನರ ತೆಗೆದಿರುವುದರಿಂದ ಬಿರುಕು ಬಿಟ್ಟರೂ ನೋವು ಎಚ್ಚರಿಸುವುದಿಲ್ಲ. ನಮ್ಮ ಶಿಕ್ಷಕರಿಗೆ ಆದದ್ದು ಇದೇ. ನೋವಿಲ್ಲದಿರುವುದು ಅಲ್ಲಿ ಕ್ಷೇಮದ ಗುರುತಾಗಿರಲಿಲ್ಲ.

ಇದಲ್ಲದೆ ಅರ್ಧಕ್ಕಿಂತ ಹೆಚ್ಚು ಭಾಗ ಫಿಲ್ಲಿಂಗೇ ಆಗಿರುವ ಹಲ್ಲು, ಬಿರುಕು ಬಿಟ್ಟು ಕಚ್ಚಿದಾಗ ಚುಳುಕೆನ್ನುವ ಹಲ್ಲು, ಬಿದ್ದು ಮುರಿದ ಹಲ್ಲು, ವರ್ಷಗಟ್ಟಲೆ ಅಡಿಕೆ ಜಗಿದು ಸಪಾಟಾಗಿ ಸವೆದ ಹಲ್ಲು, ಇವುಗಳಿಗೂ ಕವಚ ಆಸರೆಯಾಗಬಲ್ಲುದು.

ಬೇಡವಾದ ಸಂದರ್ಭಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಕವಚ ತೊಡಿಸಲು ಹಲ್ಲನ್ನು ಸುತ್ತಲೂ ಸುಮಾರು ೧ರಿಂದ ೨ ಮಿಲಿಮೀಟರಿನಷ್ಟು ಅರೆಯಬೇಕಾಗುತ್ತದೆ. ಹೀಗೆ ಅರೆದ ಹಲ್ಲು ಮತ್ತೆ ಮೊದಲಿನಂತಾಗದು. ಜೀವಮಾನವಿಡೀ ಅದಕ್ಕೆ ಹೊದಿಕೆ ಬೇಕೇ ಬೇಕು. ಕೆಲವೊಮ್ಮೆ ಅರೆತದ ಪೆಟ್ಟಿಗೆ ತಿರುಳು ಸತ್ತು ಮುಂದೆ ರೂಟ್ ಕೆನಾಲೂ ಬೇಕಾಗಬಹುದು. ಮದುವೆ ಗೊತ್ತಾದ ತರುಣ ತರುಣಿಯರು ಬೆಳ್ಳಗೆ ಕಾಣಬೇಕೆಂದು ಗಟ್ಟಿಮುಟ್ಟಾದ ಆರೆಂಟು ಮುಂಭಾಗದ ಹಲ್ಲುಗಳಿಗೆ ಕ್ಯಾಪ್ ಹಾಕಿಸಲು ಬರುವುದುಂಟು. ಕಲೆಯನ್ನು ಸ್ವಚ್ಛಗೊಳಿಸುವುದು, ಬಿಳುಪುಗೊಳಿಸುವ ಚಿಕಿತ್ಸೆ, ಸಣ್ಣ ಫಿಲ್ಲಿಂಗ್, ವಕ್ರತೆಗೆ ತಂತಿ ಹಾಕಿಸುವುದು, ಇಂತಹ ಸೌಮ್ಯ ಮಾರ್ಗಗಳಿರುವಾಗ ಆರೋಗ್ಯವಂತ ಹಲ್ಲನ್ನು ಅರೆಸಿಕೊಳ್ಳುವುದು ವಿವೇಕವಲ್ಲ. ದೇವರು ಕೊಟ್ಟ ಎನಾಮೆಲ್‌ಗೆ ಸಮನಾದುದನ್ನು ಯಾವ ಪ್ರಯೋಗಾಲಯವೂ ಇನ್ನೂ ಮಾಡಿಲ್ಲ.

ಇನ್ನು ಬುಡವೇ ಅಲುಗಾಡುವ, ವಸಡಿನ ಮೇಲೆ ಗಟ್ಟಿ ಭಾಗವೇ ಉಳಿಯದ ಹಲ್ಲಿಗೆ ಕವಚ ತೊಡಿಸಿ ಫಲವಿಲ್ಲ. ಕವಚದ ಹಿಡಿತಕ್ಕೆ ಸುತ್ತಲೂ ಸುಮಾರು ೨ ಮಿಲಿಮೀಟರಿನಷ್ಟಾದರೂ ಗಟ್ಟಿ ಹಲ್ಲು ಇರಬೇಕು. ಅಡಿಪಾಯ ಕುಸಿದ ಗುಡಿಗೆ ಹೊನ್ನ ಕಳಶವಿಟ್ಟಂತಾಗಬಾರದು. ಮೊದಲು ವಸಡಿನ ರೋಗಕ್ಕೆ ಚಿಕಿತ್ಸೆಯಾಗಬೇಕು; ಆಮೇಲೆ ಕವಚದ ಮಾತು.

ಕವಚ ಸಿದ್ಧವಾಗುವ ಬಗೆ

ಸಾಮಾನ್ಯವಾಗಿ ಎರಡು ಮೂರು ಭೇಟಿಗಳಲ್ಲಿ ಈ ಕೆಲಸ ಮುಗಿಯುತ್ತದೆ. ಮೊದಲ ಭೇಟಿಯಲ್ಲಿ ಎಕ್ಸ್-ರೇ ತೆಗೆದು ಬೇರು ಮತ್ತು ಮೂಳೆ ಪರೀಕ್ಷಿಸುತ್ತಾರೆ. ಜೀವವಿರುವ ಹಲ್ಲಾದರೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು ಹಲ್ಲನ್ನು ಅರೆಯುತ್ತಾರೆ. ಬಣ್ಣದ ಆಯ್ಕೆ ಅರೆಯುವ ಮೊದಲೇ ಆಗಬೇಕು. ಬಾಯಿ ತೆರೆದು ಹಲ್ಲು ಒಣಗಿದರೆ ಅದು ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಹಗಲು ಬೆಳಕಿನಲ್ಲಿ, ಕನ್ನಡಿ ಹಿಡಿದು, ಮನೆಯವರೊಬ್ಬರ ಅಭಿಪ್ರಾಯವನ್ನೂ ಕೇಳಿ ಬಣ್ಣ ಒಪ್ಪಿಕೊಳ್ಳುವುದು ಒಳ್ಳೆಯದು. ಒಮ್ಮೆ ಕೂರಿಸಿದ ಪಿಂಗಾಣಿಯ ಬಣ್ಣವನ್ನು ಮುಂದೆ ಯಾವ ಬಿಳುಪು ಚಿಕಿತ್ಸೆಯೂ ಬದಲಿಸದು.

ಬಳಿಕ ಹಲ್ಲಿನ ಅಚ್ಚು ತೆಗೆಯುತ್ತಾರೆ. ಹಿಟ್ಟಿನಂತಹ ಪದಾರ್ಥವನ್ನು ಬಾಯಿಯಲ್ಲಿಟ್ಟು ತೆಗೆಯುವ ಕ್ರಮ ಹಳೆಯದು. ಈಗ ಅನೇಕ ಕಡೆ ಪುಟ್ಟ ಕ್ಯಾಮೆರಾದಿಂದ ಹಲ್ಲಿನ ಚಿತ್ರ ತೆಗೆದು ಕಂಪ್ಯೂಟರಿಗೆ ಕಳುಹಿಸುತ್ತಾರೆ. ಪ್ರಯೋಗಾಲಯದಲ್ಲಿ ಕವಚ ಸಿದ್ಧವಾಗುವ ತನಕ, ಕೆಲವು ದಿನಗಳಿಂದ ಎರಡು ವಾರಗಳವರೆಗೆ, ಪ್ಲಾಸ್ಟಿಕ್ಕಿನ ತಾತ್ಕಾಲಿಕ ಕ್ಯಾಪ್ ಕೂರಿಸಿರುತ್ತಾರೆ. ಅದು ಗಟ್ಟಿಯಾದುದಲ್ಲ. ಆ ಅವಧಿಯಲ್ಲಿ ಅಂಟುವ ತಿಂಡಿ, ಖಡಕ್ ರೊಟ್ಟಿ ಬೇಡ. ಮೃದುವಾದುದನ್ನು ಇನ್ನೊಂದು ಬದಿಯಲ್ಲಿ ಜಗಿಯಬೇಕು. ಅದು ಬಿದ್ದರೆ ಇನ್ನೇನು ನಿಜವಾದ ಕ್ಯಾಪ್ ಬರುತ್ತದಲ್ಲ ಎಂದು ಸುಮ್ಮನಿರಬಾರದು. ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗದತ್ತ ಸರಿದರೆ ಸಿದ್ಧವಾಗಿ ಬಂದ ಕವಚ ಹೊಂದುವುದೇ ಇಲ್ಲ.

ಕೂರಿಸುವ ದಿನ ರೋಗಿಯೂ ಎಚ್ಚರವಾಗಿರಬೇಕು. ಅಂಟಿಸುವ ಮೊದಲು ಕನ್ನಡಿಯಲ್ಲಿ ಬಣ್ಣ, ಆಕಾರ ನೋಡಿ ಒಪ್ಪಿಗೆ ಹೇಳಬೇಕು. ವೈದ್ಯರು ಬಣ್ಣದ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಲು ಹೇಳುತ್ತಾರೆ. ಆಗ ಸಂಕೋಚದಿಂದ "ಸರಿಯಾಗಿದೆ" ಎನ್ನಬಾರದು. ಹೊಸ ಕವಚವೇ ಮೊದಲು ತಾಗಿ ಉಳಿದ ಹಲ್ಲುಗಳು ಕೂಡದಿದ್ದರೆ ಅದನ್ನು ತಿಳಿಸಲೇಬೇಕು. ಕೂದಲೆಳೆಯಷ್ಟು ಎತ್ತರವಾದರೂ ದಿನವಿಡೀ ಬೀಳುವ ಒತ್ತಡದಿಂದ ಹಲ್ಲು ನೋಯುತ್ತದೆ, ಪಿಂಗಾಣಿ ಒಡೆಯುತ್ತದೆ. ಎತ್ತರವಿದ್ದ ಕಡೆ ಅರೆದು ಸರಿಪಡಿಸಿದ ಮೇಲೆ ಅಲ್ಲಿ ಮತ್ತೆ ನಯಗೊಳಿಸಬೇಕು. ಒರಟಾಗಿ ಬಿಟ್ಟ ಪಿಂಗಾಣಿ ಎದುರಿನ ಹಲ್ಲನ್ನು ಸವೆಸುತ್ತದೆ. ಮೊದಲ ಕೆಲವು ದಿನ ತಣ್ಣನೆಯ ನೀರಿಗೆ ಚುಳುಕೆನ್ನುವುದು ಸಹಜ. ಅದು ವಾರ ಕಳೆದರೂ ಹೆಚ್ಚುತ್ತಿದ್ದರೆ ಅಥವಾ ರಾತ್ರಿ ನಿದ್ದೆಗೆಡಿಸುವ ನೋವಾದರೆ ತಡಮಾಡದೆ ತೋರಿಸಬೇಕು.

ಅಂಚೇ ಮರ್ಮಸ್ಥಾನ

ಕ್ಯಾಪ್ ಹಾಕಿಸಿಕೊಂಡ ಮೇಲೆ ಆ ಹಲ್ಲಿಗೆ ಇನ್ನು ಹುಳುಕಿನ ಭಯವಿಲ್ಲವೆಂಬ ನಂಬಿಕೆ ಬಹುಜನರಲ್ಲಿದೆ. ಇದು ತಪ್ಪು. ಪಿಂಗಾಣಿಗೆ ಹುಳುಕು ಹಿಡಿಯದು, ನಿಜ. ಆದರೆ ಪಿಂಗಾಣಿ ಮುಗಿದು ಸ್ವಂತ ಹಲ್ಲು ಆರಂಭವಾಗುವ ಸಣ್ಣ ಗೆರೆಯೊಂದು ವಸಡಿನ ಬಳಿ ಸುತ್ತಲೂ ಇರುತ್ತದೆ. ಊಟದ ಶೇಷ ಮತ್ತು ಸೂಕ್ಷ್ಮಜೀವಿಗಳ ಲೋಳೆ ನಿಲ್ಲುವುದು ಅಲ್ಲಿಯೇ. ಹುಳುಕು ಆ ಅಂಚಿನಿಂದ ಒಳನುಗ್ಗಿ ಹೊದಿಕೆಯ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ಹೊರಗೆ ಕವಚ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗಿನ ಹಲ್ಲು ಪುಡಿಯಾಗಿರಬಹುದು. ಆದುದರಿಂದ ಕವಚದ ಆಯುಷ್ಯ ನಿಂತಿರುವುದು ಅದರ ಬೆಲೆಯ ಮೇಲಲ್ಲ, ಆ ಅಂಚಿನ ಶುದ್ಧಿಯ ಮೇಲೆ.

ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ಎರಡು ನಿಮಿಷ, ಮೃದುವಾದ ಎಳೆಗಳ ಬ್ರಷ್ಷಿನಿಂದ ಉಜ್ಜಬೇಕು. ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ, ಸುಮಾರು ೪೫ ಡಿಗ್ರಿ ಕೋನದಲ್ಲಿ ಹಿಡಿದು, ಅಂಚಿನ ಮೇಲೆ ಸಣ್ಣ ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಬಲ ಹಾಕಿ ತಿಕ್ಕಿದರೆ ವಸಡು ಸರಿದು ಅಂಚು ಬಯಲಾಗುತ್ತದೆ. ಫ್ಲೋರೈಡ್ ಇರುವ ಸಾಮಾನ್ಯ ಟೂತ್‌ಪೇಸ್ಟ್ ಸಾಕು. ರಾತ್ರಿ ಮಲಗುವ ಮುನ್ನ ಉಜ್ಜುವುದು ಬೆಳಗ್ಗಿನದಕ್ಕಿಂತ ಮುಖ್ಯ. ನಿದ್ದೆಯಲ್ಲಿ ಜೊಲ್ಲಿನ ರಕ್ಷಣೆ ಕಡಿಮೆಯಾಗಿರುತ್ತದೆ. ಇದ್ದಿಲ ಪುಡಿ, ಬೂದಿ, ಉಪ್ಪು, ಇಟ್ಟಿಗೆಯ ಪುಡಿಗಳಿಂದ ಉಜ್ಜುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ಇವು ಪಿಂಗಾಣಿಯ ನುಣುಪನ್ನು ಕೆಡಿಸುತ್ತವೆ, ವಸಡಿನ ಬಳಿಯ ಹಲ್ಲನ್ನು ಸವೆಸುತ್ತವೆ. ಬೇವಿನ ಕಡ್ಡಿ ಬಳಸುವ ಹಿರಿಯರು ಅದನ್ನು ಚೆನ್ನಾಗಿ ಜಗಿದು ಮೃದುಮಾಡಿಕೊಳ್ಳಲಿ; ಆದರೆ ದವಡೆಯ ಒಳಮಗ್ಗುಲಿನ ಅಂಚನ್ನು ಅದು ತಲುಪಲಾರದೆಂಬುದು ನೆನಪಿರಲಿ.

ಎರಡು ಹಲ್ಲುಗಳ ನಡುವಿನ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿ ದಿನಕ್ಕೊಮ್ಮೆ ದಂತದಾರವನ್ನು ಆಡಿಸಬೇಕು. ಸಂದಿ ಅಗಲವಾಗಿದ್ದರೆ ಔಷಧದಂಗಡಿಯಲ್ಲಿ ಸಿಗುವ ಸಣ್ಣ ಸಂದಿ ಬ್ರಷ್ ಉಪಯುಕ್ತ. ಪಿನ್ನು, ಬೆಂಕಿಕಡ್ಡಿಗಳಿಂದ ಕೆದಕುವ ಅಭ್ಯಾಸ ಬಿಡಬೇಕು. ಪ್ರಸಾದ ಸ್ವೀಕರಿಸಿದ ಮೇಲೆ ಬಾಯಿ ಮುಕ್ಕಳಿಸುವ ನಮ್ಮ ಸಂಪ್ರದಾಯ ಬಹಳ ಒಳ್ಳೆಯದು. ಚಹಾ, ಬಿಸ್ಕತ್ತು, ಸಿಹಿ ತಿಂದಾಗಲೂ ಅದನ್ನು ಪಾಲಿಸಿದರೆ ಹುಳುಕಿಗೆ ಅರ್ಧ ಬಾಗಿಲು ಮುಚ್ಚಿದಂತೆ.

ಕವಚದ ಹಲ್ಲಿನಲ್ಲಿ ರೊಟ್ಟಿ, ಪಲ್ಯ, ಹಣ್ಣುಗಳನ್ನು ನಿಶ್ಚಿಂತೆಯಿಂದ ಜಗಿಯಬಹುದು. ಖಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ಅದ್ದಿಕೊಂಡರಾಯಿತು. ಆದರೆ ಅಡಿಕೆ ಕಡಿಯುವುದು, ಕಬ್ಬು ಸಿಗಿಯುವುದು, ಐಸ್ ಗಡ್ಡೆ ಜಗಿಯುವುದು, ಬಾಟಲಿಯ ಮುಚ್ಚಳ ತೆಗೆಯುವುದು, ದಾರ ಕತ್ತರಿಸುವುದು ಸಲ್ಲದು. ಗುಟ್ಕಾ, ತಂಬಾಕುಗಳು ವಸಡನ್ನು ಹಾಳುಮಾಡಿ ಕವಚದ ಬುಡವನ್ನೇ ಸಡಿಲಿಸುತ್ತವೆ. ಬಾಯಿಯ ಕ್ಯಾನ್ಸರಿಗೆ ದಾರಿಮಾಡುವುದಂತೂ ಎಲ್ಲರಿಗೂ ತಿಳಿದ ಸಂಗತಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಸ್ವತಃ ನಮಗೆ ತಿಳಿಯುವುದಿಲ್ಲ, ಮನೆಯವರಿಗೆ ತಿಳಿದಿರುತ್ತದೆ. ಅಂಥವರು ರಾತ್ರಿ ತೊಟ್ಟು ಮಲಗುವ ರಕ್ಷಾಪಟ್ಟಿಯನ್ನು ವೈದ್ಯರಿಂದ ಮಾಡಿಸಿಕೊಳ್ಳಬೇಕು.

ಮಧುಮೇಹಿಗಳಿಗೆ ಒಂದು ವಿಶೇಷ ಸೂಚನೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ವಸಡಿನ ರೋಗ ಉಲ್ಬಣಿಸುತ್ತದೆ. ವಸಡಿನ ಸೋಂಕು ಉಳಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಚಿಕಿತ್ಸೆ ಮಾಡಿಸಿದರೆ ಸಾಲದು.

ಕವಚ ಸಡಿಲವಾದರೆ

ಚೆನ್ನಾಗಿ ನೋಡಿಕೊಂಡ ಕವಚ ಸಾಮಾನ್ಯವಾಗಿ ೧೦ರಿಂದ ೧೫ ವರ್ಷ ಬಾಳುತ್ತದೆ; ಅದಕ್ಕೂ ಹೆಚ್ಚು ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ. ನೋವಿರಲಿ ಇಲ್ಲದಿರಲಿ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಅಂಚಿನಲ್ಲಿ ರಕ್ತ, ದುರ್ವಾಸನೆ, ಕೆಟ್ಟ ರುಚಿ, ಪ್ರತಿ ಊಟದಲ್ಲೂ ಅಲ್ಲಿಯೇ ಆಹಾರ ಸಿಕ್ಕಿಕೊಳ್ಳುವುದು, ಕವಚ ಅಲುಗಿದಂತೆ ಭಾಸವಾಗುವುದು, ವಸಡಿನ ಮೇಲೆ ಸಣ್ಣ ಕೀವುಗುಳ್ಳೆ ಏಳುವುದು, ಇವುಗಳಲ್ಲಿ ಯಾವುದು ಕಂಡರೂ ಆರು ತಿಂಗಳು ಕಾಯಬಾರದು.

ಕವಚ ಕಳಚಿ ಕೈಗೆ ಬಂದರೆ ಗಾಬರಿ ಬೇಡ, ಎಸೆಯಲೂ ಬೇಡ. ತೊಳೆದು ಪುಟ್ಟ ಡಬ್ಬಿಯಲ್ಲಿಟ್ಟು ಒಂದೆರಡು ದಿನದೊಳಗೆ ವೈದ್ಯರ ಬಳಿ ಹೋಗಬೇಕು. ಒಳಗಿನ ಹಲ್ಲು ಸರಿಯಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು. ಅಂಗಡಿಯ ಅಂಟಿನಿಂದ ಮನೆಯಲ್ಲೇ ಅಂಟಿಸಿಕೊಂಡು ಬಂದವರನ್ನು ನೋಡಿದ್ದೇವೆ. ಅದು ವಸಡನ್ನು ಸುಡುತ್ತದೆ, ಕವಚವನ್ನು ಸೊಟ್ಟಗೆ ಕೂರಿಸುತ್ತದೆ, ಕೊನೆಗೆ ಹಲ್ಲನ್ನೂ ಕೆಡಿಸುತ್ತದೆ. ಸಡಿಲವಾದ ಕವಚವನ್ನು ಬಾಯಿಯಲ್ಲಿಟ್ಟುಕೊಂಡು ಮಲಗುವುದೂ ಅಪಾಯ. ನಿದ್ದೆಯಲ್ಲಿ ಅದು ಶ್ವಾಸನಾಳಕ್ಕೆ ಜಾರಬಹುದು.

ಹಣದ ಮಾತು

ವೆಚ್ಚಕ್ಕೆ ಅಂಜಿ ಹಲ್ಲು ಕೀಳಿಸುವವರು ಅನೇಕರು. ಅಂಥವರು ತಮ್ಮ ಸಮೀಪದ ದಂತವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು, ಸುತ್ತೂರು ಶ್ರೀಮಠದ ಆಶ್ರಯದ ಮೈಸೂರಿನ ಜೆಎಸ್‌ಎಸ್ ದಂತವೈದ್ಯಕೀಯ ಕಾಲೇಜು, ದಾವಣಗೆರೆಯ ಬಾಪೂಜಿ, ಧಾರವಾಡದ ಎಸ್‌ಡಿಎಂ, ಬೆಳಗಾವಿಯ ಕೆಎಲ್‌ಇ ಹೀಗೆ ನಾಡಿನ ಹಲವೆಡೆ ಇಂತಹ ಕಾಲೇಜುಗಳಿವೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ನಿಗಾದಲ್ಲಿ ಚಿಕಿತ್ಸೆ ನೀಡುವುದರಿಂದ ಸಮಯ ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಕಡಿಮೆ.

ಸಂತೆ, ಜಾತ್ರೆಗಳ ಬೀದಿಬದಿಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಬಳಿ ಮಾತ್ರ ಹೋಗಬಾರದು. ಅವರು ಅಂಟಿನ ಮುದ್ದೆಯನ್ನು ಅಕ್ಕಪಕ್ಕದ ಹಲ್ಲುಗಳಿಗೂ ಸೇರಿಸಿ ಮೆತ್ತಿಬಿಡುತ್ತಾರೆ. ಅಡಿಯಲ್ಲಿ ಕೊಳೆ ತುಂಬಿ ಒಂದು ಹಲ್ಲಿನ ತೊಂದರೆ ಮೂರು ಹಲ್ಲಿಗೆ ಹಬ್ಬುತ್ತದೆ. ಕಾನೂನಿನ ಪ್ರಕಾರ ನೋಂದಣಿಯಾದವರು ಮಾತ್ರ ದಂತಚಿಕಿತ್ಸೆ ನೀಡಬಹುದು. ನೋಂದಣಿ ಪತ್ರವಿದೆಯೇ ಎಂದು ಕೇಳುವುದು ಅವಿನಯವಲ್ಲ. ಯಾವ ಬಗೆಯ ಕವಚ, ಎಷ್ಟು ಬೆಲೆ, ಎಷ್ಟು ವರ್ಷದ ಭರವಸೆ ಎಂಬುದನ್ನು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳುವುದೂ ರೋಗಿಯ ಹಕ್ಕು.

ಕೊನೆಯ ಮಾತು

ಆರಂಭದಲ್ಲಿ ಹೇಳಿದ ಶಿಕ್ಷಕರು ಎರಡು ವರ್ಷಗಳ ಬಳಿಕ ಇನ್ನೊಂದು ಬದಿಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡರು. ಈ ಬಾರಿ ನಾವು ಹೇಳುವ ಮೊದಲೇ, "ಕ್ಯಾಪಿಗೆ ಯಾವಾಗ ಬರಲಿ?" ಎಂದು ದಿನ ಗೊತ್ತುಮಾಡಿಕೊಂಡೇ ಎದ್ದರು. ಜಿರ್ಕೋನಿಯಾದ ಆ ಕವಚ ಇಂದಿಗೂ ಗಟ್ಟಿಯಾಗಿದೆ. ಪರೀಕ್ಷೆಗೆ ಬಂದಾಗಲೆಲ್ಲ ಕೀಳಿಸಿದ ಹಲ್ಲಿನ ಖಾಲಿ ಜಾಗವನ್ನು ನಾಲಿಗೆಯಿಂದ ಮುಟ್ಟಿ ತೋರಿಸಿ, "ಇದು ನನ್ನ ಮರೆವಿನ ಗುರುತು" ಎನ್ನುತ್ತಾರೆ. ತಮ್ಮ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಬ್ರಷ್ ಹಿಡಿಯುವ ಕೋನವನ್ನು ಬೆರಳಿನಿಂದ ತೋರಿಸಿಕೊಡುವುದನ್ನೂ ರೂಢಿಮಾಡಿಕೊಂಡಿದ್ದಾರೆ.

ಕವಚ ತೊಡಿಸುವುದು ವೈದ್ಯರಿಗೆ ಎರಡು ಮೂರು ದಿನದ ಕೆಲಸ. ಅದರ ಅಂಚನ್ನು ಶುದ್ಧವಾಗಿಡುವುದು ನಮ್ಮ ನಮ್ಮ ನಿತ್ಯ ಕಾಯಕ. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸದೆ ಮರೆತವರು ಈ ಸಂಚಿಕೆಯನ್ನು ಓದುವ ಬಂಧುಗಳಲ್ಲಿಯೂ ಇರಬಹುದು; ಅವರು ನೋವಿಗಾಗಿ ಕಾಯದೆ ಈ ವಾರವೇ ತಮ್ಮ ದಂತವೈದ್ಯರನ್ನು ಕಾಣಲಿ.